ಕಾರಂತರು ಕಪಾಟಿನಲ್ಲೇ ಇದ್ದರು

“ಮಾರಾಯಾ, ನಿನ್ನ ಕಂಪ್ಯೂಟರಿನಲ್ಲಿ ಕಾರಂತರೇ ಇಲ್ಲವಲ್ಲ!”

ಒಂದು ಭಾನುವಾರ ಬೆಳಿಗ್ಗೆ ನಮ್ಮ ಕನ್ನಡ ಸಂಘದ ಗ್ರಂಥಾಲಯದಲ್ಲಿ ಮಾಸ್ತರರು ಹೀಗೆಂದಾಗ ನಾನು ನಕ್ಕುಬಿಟ್ಟೆ. ಅವರು ಕೂತ ಕುರ್ಚಿಯ ಹಿಂದಿನ ಕಪಾಟಿನಲ್ಲಿ ಎರಡು ಸಾಲು ತುಂಬ ಶಿವರಾಮ ಕಾರಂತರೇ ಇದ್ದರು. ‘ಚೋಮನ ದುಡಿ’ ಇತ್ತು, ‘ಬೆಟ್ಟದ ಜೀವ’ ಇತ್ತು, ‘ಮೂಕಜ್ಜಿಯ ಕನಸುಗಳು’ ಎರಡು ಪ್ರತಿ ಇತ್ತು. ಪರದೆಯ ಮೇಲೆ ಮಾತ್ರ ‘ಪುಸ್ತಕ ಇಲ್ಲ’ ಎಂಬ ಒಂದೇ ಸಾಲು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಮುಂಬಯಿಯ ಉಪನಗರದಲ್ಲಿರುವ ನಮ್ಮ ಸಂಘದ ಹಳೆಯ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗುವುದಿತ್ತು. ಹೊಸ ಕಟ್ಟಡದಲ್ಲಿ ಗ್ರಂಥಾಲಯಕ್ಕೆ ಸಿಗುವ ಕೋಣೆ ಈಗಿನದರ ಅರ್ಧಕ್ಕಿಂತ ತುಸು ದೊಡ್ಡದು, ಅಷ್ಟೇ. ನಾಲ್ಕು ಸಾವಿರದ ಹತ್ತಿರ ಇರುವ ಪುಸ್ತಕಗಳಲ್ಲಿ ಒಂದು ಸಾವಿರವನ್ನಾದರೂ ಕಡಿಮೆ ಮಾಡಬೇಕೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿತ್ತು. ಎರಡು ಮೂರು ಕಡೆ ಕೇಳಿಯೂ ಆಗಿತ್ತು. ಎಲ್ಲರದ್ದೂ ಜಾಗವಿಲ್ಲ ಎಂಬ ಉತ್ತರ. ಕೊನೆಗೆ ರದ್ದಿಯವನಿಗೆ ಮುಂದಿನ ಭಾನುವಾರ ಬರಲು ಹೇಳಲಾಗಿತ್ತು. ಯಾವ ಪುಸ್ತಕ ಉಳಿಯಬೇಕು, ಯಾವುದು ಹೋಗಬೇಕು ಎಂಬ ಪಟ್ಟಿಯನ್ನು ಹಿಂದಿನ ವಾರವಷ್ಟೇ ಇದೇ ಕಂಪ್ಯೂಟರಿನಿಂದ ತೆಗೆದು ಸಮಿತಿಗೆ ಕೊಟ್ಟವನು ನಾನೇ.

ಬೆನ್ನ ಹಿಂದಿನ ಕಾರಂತರನ್ನು ಕಾಣದ ಯಂತ್ರ ಆ ಪಟ್ಟಿ ಮಾಡುವಾಗ ಇನ್ನು ಯಾರನ್ನೆಲ್ಲ ಕಾಣದೆ ಹೋಗಿತ್ತೋ? ನಾನು ಕುರ್ಚಿ ಎಳೆದುಕೊಂಡು ಕೂತೆ.

ಬ್ರೌಸರಿನೊಳಗಿನ ಕಪಾಟು

ಮೊದಲು ಆ ಕಂಪ್ಯೂಟರಿನಲ್ಲಿ ಏನಿತ್ತೆಂದು ಹೇಳಬೇಕು. ನಮ್ಮ ಗ್ರಂಥಾಲಯ ನೆಲಮಹಡಿಯಲ್ಲಿ, ಮೆಟ್ಟಿಲ ಹಿಂದೆ. ಅಲ್ಲಿಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ, ವೈಫೈ ಹಾಕಿಸುವಷ್ಟು ಸಂಘದ ಬಳಿ ಹಣವಿಲ್ಲ. ಯಾರೋ ಕೊಟ್ಟ ಹಳೆಯ ಲ್ಯಾಪ್‌ಟಾಪ್ ಒಂದಿತ್ತು. ಸಾಫ್ಟ್‌ವೇರ್ ಕೆಲಸದವನಾದ ನನಗೆ ಒಂದು ಉಪಾಯ ಹೊಳೆಯಿತು. ಇಂಟರ್‌ನೆಟ್ ಇಲ್ಲದೆಯೂ ಬ್ರೌಸರ್ ಓಡುತ್ತದೆ, ಬ್ರೌಸರಿನೊಳಗೇ ಒಂದು ಡೇಟಾಬೇಸ್ ಇದೆ. ಅದನ್ನೇ ಏಕೆ ಬಳಸಬಾರದು?

ಅದರ ಹೆಸರು ಇಂಡೆಕ್ಸ್ಡ್‌ಡಿಬಿ. ನಿಮ್ಮ ಕೈಯಲ್ಲಿರುವ ಫೋನಿನ ಬ್ರೌಸರಿನಲ್ಲೂ ಇದು ಇದೆ. ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2015ರ ಜನವರಿಯಲ್ಲಿ ಇದನ್ನು ಅಧಿಕೃತ ಶಿಫಾರಸಾಗಿ ಪ್ರಕಟಿಸಿತು, 2018ರಲ್ಲಿ ಎರಡನೆಯ ಆವೃತ್ತಿ ಬಂತು. ಬ್ರೌಸರಿನಲ್ಲಿ ಲೋಕಲ್ ಸ್ಟೋರೇಜ್ ಎಂಬ ಇನ್ನೊಂದು ಸಣ್ಣ ಡಬ್ಬಿಯೂ ಇದೆ. ಅದರಲ್ಲಿ ಸಾಮಾನ್ಯವಾಗಿ 5 ಎಂಬಿಯಷ್ಟು ಬರಿಯ ಅಕ್ಷರಗಳನ್ನು ಇಡಬಹುದು, ಕೊಟ್ಟ ಹೆಸರಿನಿಂದ ಮಾತ್ರ ವಾಪಸು ತೆಗೆಯಬಹುದು. ಇಂಡೆಕ್ಸ್ಡ್‌ಡಿಬಿ ಹಾಗಲ್ಲ. ಸಾವಿರಾರು ದಾಖಲೆಗಳನ್ನು ಇಟ್ಟು, ಬೇಕಾದ ದಾರಿಯಿಂದ ಹುಡುಕಬಹುದು. ಹೆಸರಿನಲ್ಲೇ ಇರುವ ‘ಇಂಡೆಕ್ಸ್’ ಆ ದಾರಿ.

ಮಾಸ್ತರರಿಗೆ ಇದನ್ನು ವಿವರಿಸಲು ನನಗೆ ಕಷ್ಟವಾಗಲಿಲ್ಲ. ಯೌವನದಲ್ಲಿ ಅವರು ಫೋರ್ಟಿನ ರಾತ್ರಿಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಗ್ರಂಥಾಲಯವೇ ಮನೆ. ಕೋಣೆಯ ಮೂಲೆಯಲ್ಲಿ ಅವರದ್ದೊಂದು ಮರದ ಪೆಟ್ಟಿಗೆ ಇದೆ, ಅದರಲ್ಲಿ ಸಣ್ಣ ಸಣ್ಣ ಡ್ರಾಯರುಗಳು, ಒಳಗೆ ಅವರ ಮುದ್ದಾದ ಅಕ್ಷರಗಳ ಕಾರ್ಡುಗಳು. ಪ್ರತಿ ಪುಸ್ತಕಕ್ಕೆ ಮೂರು ಕಾರ್ಡು. ಒಂದು ಲೇಖಕರ ಹೆಸರಿನದು, ಒಂದು ಶೀರ್ಷಿಕೆಯದು, ಇನ್ನೊಂದು ವಿಷಯದ್ದು. ಪುಸ್ತಕ ಕಪಾಟಿನಲ್ಲಿ ಇರುವುದು ಒಂದೇ ಕಡೆ, ನೋಂದಣಿ ಸಂಖ್ಯೆಯ ಪ್ರಕಾರ. ಆದರೆ ಅದನ್ನು ತಲುಪಲು ಮೂರು ದಾರಿ.

“ಇದೂ ಅದೇ ಮಾಸ್ತ್ರೇ,” ಎಂದಿದ್ದೆ. “ನೋಂದಣಿ ಸಂಖ್ಯೆ ಮುಖ್ಯ ಕೀ. ನಿಮ್ಮ ಡ್ರಾಯರುಗಳು ಇಂಡೆಕ್ಸ್‌ಗಳು.”

ಇಂಡೆಕ್ಸ್ ಇಲ್ಲದಿದ್ದರೆ ಏನಾಗುತ್ತದೆ? ಕಪಾಟಿನ ಮೊದಲ ಪುಸ್ತಕದಿಂದ ಕೊನೆಯದರವರೆಗೆ ಒಂದೊಂದನ್ನೇ ತೆಗೆದು ಲೇಖಕರ ಹೆಸರು ನೋಡಬೇಕು. ನಾಲ್ಕು ಸಾವಿರ ಪುಸ್ತಕಕ್ಕೆ ನಾಲ್ಕು ಸಾವಿರ ಸಲ. ಇಂಡೆಕ್ಸ್ ಇದ್ದರೆ ಹೆಸರುಗಳು ಮೊದಲೇ ಕ್ರಮವಾಗಿ ಜೋಡಿಸಿಟ್ಟಿರುತ್ತವೆ. ನಿಘಂಟಿನಲ್ಲಿ ಪದ ಹುಡುಕುವಾಗ ನಾವು ನಡುವೆ ತೆರೆದು, ಮುಂದಿದೆಯೋ ಹಿಂದಿದೆಯೋ ನೋಡಿ, ಉಳಿದರ್ಧವನ್ನು ಮತ್ತೆ ನಡುವೆ ತೆರೆಯುತ್ತೇವಲ್ಲ, ಹಾಗೆ. ಪ್ರತಿ ಸಲ ಅರ್ಧ ಬಿಟ್ಟುಹೋದರೆ ನಾಲ್ಕು ಸಾವಿರದಲ್ಲಿ ಒಂದನ್ನು ಹಿಡಿಯಲು ಹನ್ನೆರಡು ಹೆಜ್ಜೆ ಸಾಕು.

ಹೊಸಬನ ತಪ್ಪುಗಳು

ಕಾರಂತರು ಕಾಣೆಯಾಗುವ ಮೊದಲೇ ನಾನು ಎರಡು ಸಲ ಎಡವಿದ್ದೆ. ಇಂಥ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಬಹುದೆಂದು ಹೇಳುತ್ತೇನೆ.

ಮೊದಲ ದಿನ ಮಾಸ್ತರರು ‘ಚಿತ್ತಾಲ’ ಎಂದು ಹುಡುಕಿದರು. ಒಂದೇ ಪುಸ್ತಕ ಬಂತು. “ಬಾಂದ್ರಾದಲ್ಲಿ ಕೂತು ಅಷ್ಟು ಬರೆದ ಯಶವಂತ ಚಿತ್ತಾಲರದ್ದು ಒಂದೇ ಪುಸ್ತಕವಾ?” ಎಂದರು. ಇಂಡೆಕ್ಸ್‌ನಿಂದ ದಾಖಲೆ ತೆಗೆಯಲು ‘ಗೆಟ್’ ಎಂಬ ಆಜ್ಞೆ ಬಳಸಿದ್ದೆ. ಒಂದೇ ಹೆಸರಿನ ಕೆಳಗೆ ಎಷ್ಟು ದಾಖಲೆ ಇದ್ದರೂ ಅದು ಮೊದಲನೆಯದನ್ನು ಮಾತ್ರ ಕೊಡುತ್ತದೆ. ಎಲ್ಲವೂ ಬೇಕೆಂದರೆ ‘ಗೆಟ್ ಆಲ್’ ಎನ್ನಬೇಕು, ಇಲ್ಲವೇ ‘ಕರ್ಸರ್’ ತೆರೆದು ಕಾರ್ಡುಗಳ ಮೇಲೆ ಬೆರಳಾಡಿಸಿದ ಹಾಗೆ ಒಂದೊಂದಾಗಿ ಮುಂದೆ ಸರಿಯಬೇಕು.

ಎರಡನೆಯದು ‘ಯೂನೀಕ್’ ಎಂಬ ಗುರುತು. ಶೀರ್ಷಿಕೆಯ ಇಂಡೆಕ್ಸ್ ಮಾಡುವಾಗ, ಒಂದು ಹೆಸರು ಒಂದೇ ಸಲ ಬರಬೇಕು ಎಂದು ಹೇಳಿಬಿಟ್ಟಿದ್ದೆ. ‘ಶಿಕಾರಿ’ಯ ಎರಡನೆಯ ಪ್ರತಿಯನ್ನು ಸೇರಿಸಲು ಹೋದಾಗ ಡೇಟಾಬೇಸ್ ಒಪ್ಪಲಿಲ್ಲ. ಅದೊಂದನ್ನೇ ಬಿಟ್ಟಿದ್ದರೆ ಪರವಾಗಿರಲಿಲ್ಲ. ಅದರೊಡನೆ ಒಂದೇ ವ್ಯವಹಾರದಲ್ಲಿ ಸೇರಿಸಲು ಹೊರಟಿದ್ದ ಇಪ್ಪತ್ತು ಪುಸ್ತಕಗಳೂ ಹಿಂದಕ್ಕೆ ಹೋದವು. ನೋಂದಣಿ ಸಂಖ್ಯೆ ಎರಡು ಪುಸ್ತಕಕ್ಕೆ ಒಂದೇ ಇರಬಾರದು, ನಿಜ. ಶೀರ್ಷಿಕೆಗೆ ಆ ಕಟ್ಟುಪಾಡು ಹಾಕಬಾರದಿತ್ತು.

ವಿಷಯದ ಇಂಡೆಕ್ಸ್ ಮಾತ್ರ ಚೆನ್ನಾಗಿ ಕೂತಿತು. ‘ಶಿಕಾರಿ’ ಕಾದಂಬರಿಯೂ ಹೌದು, ಮುಂಬಯಿಯ ಕತೆಯೂ ಹೌದು. ಒಂದು ಪುಸ್ತಕಕ್ಕೆ ಹಲವು ವಿಷಯಗಳನ್ನು ಪಟ್ಟಿಯಾಗಿ ಕೊಟ್ಟು, ಇಂಡೆಕ್ಸ್‌ಗೆ ‘ಮಲ್ಟಿಎಂಟ್ರಿ’ ಎಂದು ಹೇಳಿದರೆ ಪ್ರತಿ ವಿಷಯಕ್ಕೂ ಒಂದೊಂದು ಕಾರ್ಡು ತಾನೇ ತಯಾರಾಗುತ್ತದೆ. ‘ಮುಂಬಯಿ’ ಎಂದು ಹುಡುಕಿದಾಗ ಚಿತ್ತಾಲರು, ವ್ಯಾಸರಾಯ ಬಲ್ಲಾಳರು, ಜಯಂತ ಕಾಯ್ಕಿಣಿಯವರು ಒಟ್ಟಿಗೆ ಬಂದು ನಿಂತದ್ದನ್ನು ಕಂಡು ಮಾಸ್ತರರು ಮೊದಲ ಬಾರಿ ತಲೆದೂಗಿದ್ದರು.

ಬಿಂದು ಮತ್ತು ಸೊನ್ನೆ

ಈಗ ಆ ಭಾನುವಾರಕ್ಕೆ ಬರೋಣ. ‘ಕಾರಂತ’ ಎಂದು ಬರೆದಿದ್ದ ಜಾಗದಲ್ಲಿ ಕೊನೆಯಿಂದ ಒಂದೊಂದೇ ಅಕ್ಷರ ಅಳಿಸುತ್ತ ಬಂದೆ. ನನ್ನ ಹುಡುಕಾಟ ಹೆಸರಿನ ಮೊದಲ ಭಾಗ ಕೊಟ್ಟರೂ ಸಾಕು ಎನ್ನುವಂತೆ ಇತ್ತು. ಇಂಡೆಕ್ಸ್‌ನಲ್ಲಿ ‘ಕಾರ’ದಿಂದ ಹಿಡಿದು, ‘ಕಾರ’ದ ಮುಂದೆ ಅತಿ ದೊಡ್ಡ ಸಂಖ್ಯೆಯ ಚಿಹ್ನೆ ಇಟ್ಟರೆ ಆಗುವ ಹೆಸರಿನವರೆಗೆ ಎಷ್ಟಿದೆಯೋ ಅಷ್ಟೂ ಕೊಡು ಎಂದು ಕೇಳುವ ವಿಧಾನ ಅದು. ‘ಕೀ ರೇಂಜ್’ ಎನ್ನುತ್ತಾರೆ.

‘ಕಾರಂತ’: ಇಲ್ಲ. ‘ಕಾರಂ’: ಇಲ್ಲ. ‘ಕಾರ’: ನಲವತ್ತಕ್ಕೂ ಹೆಚ್ಚು ಪುಸ್ತಕ! ಗಿರೀಶ ಕಾರ್ನಾಡರ ನಾಟಕಗಳ ಜೊತೆ ಶಿವರಾಮ ಕಾರಂತರ ಎರಡು ಸಾಲೂ ಪರದೆಯ ಮೇಲೆ.

ಬಿಂದು ಇಟ್ಟೊಡನೆ ಮಾಯವಾಗುತ್ತಾರೆ, ಬಿಂದು ತೆಗೆದರೆ ಬರುತ್ತಾರೆ. ಮಾಸ್ತರರು ತಕ್ಷಣ “ಬೇಂದ್ರೆಯವರನ್ನು ನೋಡು” ಎಂದರು. ಇಲ್ಲ. ಕುವೆಂಪು? ಇಲ್ಲ. ಮಾಸ್ತಿ? ಇದ್ದಾರೆ. ಗೋಕಾಕ? ಇದ್ದಾರೆ. ಅನಂತಮೂರ್ತಿ ಇಲ್ಲ, ಕಾರ್ನಾಡ ಇದ್ದಾರೆ, ಕಂಬಾರ ಇಲ್ಲ. ಕನ್ನಡದ ಎಂಟು ಜ್ಞಾನಪೀಠ ಪುರಸ್ಕೃತರಲ್ಲಿ ಐವರು ನಮ್ಮ ಡೇಟಾಬೇಸಿನಿಂದ ನಾಪತ್ತೆ. ಐವರ ಹೆಸರಿನಲ್ಲೂ ಅನುಸ್ವಾರವಿತ್ತು.

ಕಂಪ್ಯೂಟರಿಗೆ ಅಕ್ಷರದ ರೂಪ ಕಾಣುವುದಿಲ್ಲ, ಸಂಖ್ಯೆ ಮಾತ್ರ ಕಾಣುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳಿವೆ. ‘ಕಾರಂತ’ ನಮಗೆ ಮೂರಕ್ಷರ, ಯಂತ್ರಕ್ಕೆ ಐದು ಸಂಖ್ಯೆ. ಕ 3221, ದೀರ್ಘದ ಗುರುತು 3262, ರ 3248, ಅನುಸ್ವಾರ 3202, ತ 3236. ನಾನು ದಾಖಲೆಯೊಳಗಿನ ಹೆಸರಿನ ಸಂಖ್ಯೆಗಳನ್ನು ತೆಗೆದು ನೋಡಿದೆ. ನಾಲ್ಕನೆಯದು 3202 ಆಗಿರಲಿಲ್ಲ, 3302 ಆಗಿತ್ತು. ಸರಿಯಾಗಿ ನೂರು ವ್ಯತ್ಯಾಸ. 3302 ಎಂದರೆ ಕನ್ನಡದ ಅಂಕಿ ಸೊನ್ನೆ.

ನಮ್ಮ ಪುಸ್ತಕಗಳ ಮೂಲ ಪಟ್ಟಿಯನ್ನು ಎಷ್ಟೋ ವರ್ಷಗಳ ಹಿಂದೆ ಸದಸ್ಯರೊಬ್ಬರು ತಾವಾಗಿಯೇ ಕೂತು ಟೈಪ್ ಮಾಡಿಕೊಟ್ಟಿದ್ದರು. ಅನುಸ್ವಾರದ ಕೀಲಿ ಎಲ್ಲಿದೆಯೆಂದು ತಿಳಿಯದೆ, ನೋಡಲು ಒಂದೇ ತರಹ ಇದೆಯೆಂದು ಸೊನ್ನೆ ಒತ್ತಿದ್ದರು. ‘ಕಾರ೦ತ’, ‘ಬೇ೦ದ್ರೆ’, ‘ಕುವೆ೦ಪು’. ಓದುವ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಅವರನ್ನು ದೂರುವ ಹಾಗೂ ಇಲ್ಲ. ಹಣ ಕೇಳದೆ ಸಾವಿರಾರು ಹೆಸರು ಟೈಪ್ ಮಾಡಿದವರು ಅವರು. ಅವರ ಪಟ್ಟಿಯನ್ನು ಪರೀಕ್ಷಿಸದೆ ಹಾಗೆಯೇ ಡೇಟಾಬೇಸಿಗೆ ಸುರಿದವನು ನಾನು.

ಹುಡುಕುತ್ತ ಹೋದಂತೆ ಇನ್ನಷ್ಟು ಸಿಕ್ಕಿದವು. ದೀರ್ಘದ ‘ೀ’ ಅಕ್ಷರವನ್ನು 3264 ಎಂಬ ಒಂದೇ ಸಂಖ್ಯೆಯಾಗಿಯೂ ಬರೆಯಬಹುದು, 3263 ಮತ್ತು 3285 ಎಂಬ ಎರಡು ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ‘ರಾಜ್‌ಕುಮಾರ್’ ಎಂದು ಒತ್ತಕ್ಷರ ಬಿಡಿಸಿ ಬರೆಯುವಾಗ ನಡುವೆ 8204 ಎಂಬ ಕಾಣದ ಗುರುತೊಂದು ಕೂರುತ್ತದೆ. ಅದಿದ್ದರೆ ಒಂದು ಹೆಸರು, ಇಲ್ಲದಿದ್ದರೆ ಇನ್ನೊಂದು. ‘ಎಸ್.ಎಲ್.’ ಎಂಬಲ್ಲಿ ಚುಕ್ಕಿಯ ಮುಂದೆ ಜಾಗ ಬಿಟ್ಟರೆ ಒಬ್ಬ ಭೈರಪ್ಪ, ಬಿಡದಿದ್ದರೆ ಮತ್ತೊಬ್ಬ ಭೈರಪ್ಪ.

ಪರಿಹಾರ ಕಷ್ಟದ್ದಲ್ಲ. ಪ್ರತಿ ದಾಖಲೆಯಲ್ಲೂ ಎರಡು ಹೆಸರು ಇಟ್ಟೆ. ಒಂದು ಪುಸ್ತಕದ ಮೇಲೆ ಇದ್ದಂತೆ, ತೋರಿಸಲು. ಇನ್ನೊಂದು ಶುದ್ಧ ಮಾಡಿದ್ದು, ಹುಡುಕಲು. ತುಂಡಾದ ಅಕ್ಷರಗಳನ್ನು ಒಂದುಗೂಡಿಸಲು ಯೂನಿಕೋಡ್‌ನದೇ ಕ್ರಮವಿದೆ, ‘ನಾರ್ಮಲೈಸ್’ ಎಂಬ ಆಜ್ಞೆ ಅದನ್ನು ಮಾಡಿಕೊಡುತ್ತದೆ. ಆದರೆ ಸೊನ್ನೆಯನ್ನು ಅದು ಅನುಸ್ವಾರ ಮಾಡುವುದಿಲ್ಲ, ಅದರ ಲೆಕ್ಕದಲ್ಲಿ ಇವು ನಿಜಕ್ಕೂ ಬೇರೆ ಅಕ್ಷರಗಳು. ಹಾಗಾಗಿ ಸೊನ್ನೆಯ ಹಿಂದೆ ಅಂಕಿಯಿಲ್ಲದೆ ಅಕ್ಷರವಿದ್ದರೆ ಅದು ಅನುಸ್ವಾರ ಎಂಬ ನಿಯಮವನ್ನು ನಾನೇ ಬರೆದೆ. ಇಲ್ಲದಿದ್ದರೆ ‘೧೦೦’ ಎಂಬ ಸಂಖ್ಯೆಯ ಸೊನ್ನೆಗಳೂ ಬಿಂದುವಾಗಿಬಿಡುತ್ತಿದ್ದವು. ಕಾಣದ ಗುರುತು, ಚುಕ್ಕಿ, ಖಾಲಿ ಜಾಗ ಎಲ್ಲವನ್ನೂ ಹುಡುಕುವ ಹೆಸರಿನಿಂದ ತೆಗೆದೆ. ಬಳಕೆದಾರ ಟೈಪ್ ಮಾಡಿದ್ದನ್ನೂ ಅದೇ ಜರಡಿಯಲ್ಲಿ ಹಾಯಿಸಿದೆ.

ಹೊಸ ಇಂಡೆಕ್ಸ್ ಸೇರಿಸಲು ಡೇಟಾಬೇಸಿನ ಆವೃತ್ತಿ ಸಂಖ್ಯೆಯನ್ನು ಏರಿಸಬೇಕು. ಆ ಗಳಿಗೆಯಲ್ಲಿ ಮಾತ್ರ ಇಂಡೆಕ್ಸ್ ಕಟ್ಟಲು ಬ್ರೌಸರ್ ಬಿಡುತ್ತದೆ. ನಾನು ಏರಿಸಿದೆ, ಏನೂ ಆಗಲಿಲ್ಲ. ಹತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ ತಿಳಿಯಿತು, ಮಾಸ್ತರರು ಇನ್ನೊಂದು ಟ್ಯಾಬಿನಲ್ಲಿ ಅದೇ ಪುಟ ತೆರೆದಿಟ್ಟಿದ್ದರು. ಹಳೆಯ ಆವೃತ್ತಿ ಎಲ್ಲಾದರೂ ತೆರೆದಿದ್ದರೆ ಹೊಸದು ಬಾಗಿಲಲ್ಲೇ ಕಾಯುತ್ತದೆ. ಆ ಟ್ಯಾಬ್ ಮುಚ್ಚಿದ ಮೇಲೆ ‘ಕಾರಂತ’ ಎಂದು ಟೈಪ್ ಮಾಡಿದೆವು. ಎರಡು ಸಾಲೂ ಬಂತು.

“ಬಂದರಲ್ಲ, ಸಾಕು,” ಎಂದು ಮಾಸ್ತರರು ಚಹಾ ತರಿಸಿದರು. ನನಗೆ ಸಾಕೆನಿಸಲಿಲ್ಲ. ಇಪ್ಪತ್ತೆಂಟು ಪುಟದ ಆ ಪಟ್ಟಿ ಸಮಿತಿಯ ಮೇಜಿನ ಮೇಲಿತ್ತು.

ಪಟ್ಟಿಗೆ ಬಾರದವರು

ಸಮಿತಿ ಕೇಳಿದ್ದು ಸರಳವಾಗಿತ್ತು. ಕಳೆದ ಹತ್ತು ವರ್ಷದಲ್ಲಿ ಯಾರೂ ಓದಲು ಒಯ್ಯದ ಪುಸ್ತಕಗಳು ಯಾವುವು? ಪ್ರತಿ ದಾಖಲೆಯಲ್ಲೂ ‘ಕೊನೆಯ ಬಾರಿ ಒಯ್ದ ದಿನಾಂಕ’ ಎಂಬ ಜಾಗವಿತ್ತು, ಅದಕ್ಕೊಂದು ಇಂಡೆಕ್ಸ್ ಇತ್ತು. ಹತ್ತು ವರ್ಷದ ಈಚಿನ ದಿನಾಂಕಗಳನ್ನು ಅದರಿಂದ ತೆಗೆದೆ. ಅವು ಉಳಿಯುವ ಪುಸ್ತಕಗಳು. ಒಟ್ಟು ಪುಸ್ತಕಗಳಿಂದ ಅವನ್ನು ಕಳೆದೆ. ಉಳಿದ 1,108 ಹೋಗುವ ಪುಸ್ತಕಗಳು. ಲೆಕ್ಕ ಎಷ್ಟು ನೇರವಾಗಿತ್ತೆಂದರೆ ನಾನು ಪಟ್ಟಿಯನ್ನು ಓದಿಯೂ ನೋಡಿರಲಿಲ್ಲ. ನೋಂದಣಿ ಸಂಖ್ಯೆಯ ಕ್ರಮದಲ್ಲಿದ್ದ ಆ ಪುಟಗಳನ್ನು ಸಮಿತಿಯವರೂ ಓದಿದಂತಿರಲಿಲ್ಲ. ಮಾಸ್ತರರು ಮಾತ್ರ ಮೊದಲೇ ಹೇಳಿದ್ದರು: “ಯಾರನ್ನು ಮನೆಯಿಂದ ಕಳಿಸುವುದು ಅಂತ ನನ್ನ ಹತ್ತಿರ ಕೇಳಬೇಡ. ನಾನು ನೋಡುವುದಿಲ್ಲ.”

ಅವತ್ತು ಅವರೆದುರು ಪಟ್ಟಿಯನ್ನು ತೆರೆದೆ. ಮೂರನೆಯ ಪುಟದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಇತ್ತು, ಎಂಟೂ ಸಂಪುಟ. ಅದರ ಕೆಳಗೆ ಕಿಟ್ಟೆಲರ ನಿಘಂಟು.

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನಿಘಂಟನ್ನು ಯಾರೂ ಒಯ್ಯುವುದಿಲ್ಲ ಮಾರಾಯಾ,” ಎಂದರು ಮೆಲ್ಲಗೆ. “ನಾನೇ ಒಯ್ಯಲು ಬಿಡುವುದಿಲ್ಲ. ಇಲ್ಲಿಯೇ ಕೂತು ನೋಡಬೇಕು.”

ಆಗ ಹೊಳೆಯಿತು. ಇಂಡೆಕ್ಸ್ಡ್‌ಡಿಬಿಯಲ್ಲಿ ಒಂದು ನಿಯಮವಿದೆ. ಯಾವ ದಾಖಲೆಯಲ್ಲಿ ಇಂಡೆಕ್ಸ್‌ಗೆ ಬೇಕಾದ ಮೌಲ್ಯ ಇಲ್ಲವೋ, ಅಥವಾ ಖಾಲಿ ಎಂದು ಗುರುತು ಹಾಕಿದೆಯೋ, ಆ ದಾಖಲೆ ಆ ಇಂಡೆಕ್ಸ್‌ನೊಳಗೆ ಬರುವುದೇ ಇಲ್ಲ. ಕೊನೆಯಲ್ಲೂ ಇರುವುದಿಲ್ಲ, ಮೊದಲಲ್ಲೂ ಇರುವುದಿಲ್ಲ. ತಪ್ಪಾಗಿದೆ ಎಂಬ ಎಚ್ಚರಿಕೆಯೂ ಬರುವುದಿಲ್ಲ. ಪುಸ್ತಕ ಕಪಾಟಿನಲ್ಲಿ ಇರುತ್ತದೆ, ಡ್ರಾಯರಿನಲ್ಲಿ ಕಾರ್ಡು ಇರುವುದಿಲ್ಲ.

ಎಷ್ಟು ಪುಸ್ತಕಗಳಿಗೆ ಹೀಗಾಗಿದೆ ಎಂದು ತಿಳಿಯಲು ಎರಡು ಎಣಿಕೆ ಸಾಕಾಯಿತು. ಒಟ್ಟು ದಾಖಲೆ 3,912. ದಿನಾಂಕದ ಇಂಡೆಕ್ಸ್‌ನಲ್ಲಿ ಇರುವುದು 3,268. ವ್ಯತ್ಯಾಸ 644. ಹೋಗುವ ಪಟ್ಟಿಯ 1,108ರಲ್ಲಿ 644 ಪುಸ್ತಕಗಳು ಓದುಗರಿಲ್ಲದೆ ಅಲ್ಲಿ ಸೇರಿದ್ದವಲ್ಲ. ಅವುಗಳ ಬಗ್ಗೆ ನಮ್ಮಲ್ಲಿ ದಿನಾಂಕವಿರಲಿಲ್ಲ, ಅಷ್ಟೇ.

ಆ 644ರ ಹೆಸರುಗಳನ್ನು ನಾನು ಒಂದೊಂದಾಗಿ ಓದಿದೆ, ಮಾಸ್ತರರು ಕೇಳಿದರು. ನಿಘಂಟುಗಳು, ವಿಶ್ವಕೋಶಗಳು, ಕಟ್ಟುಹಾಕಿಸಿಟ್ಟ ಹಳೆಯ ಮಾಸಪತ್ರಿಕೆಗಳು. ರಾತ್ರಿಶಾಲೆಯ ಹುಡುಗರು ತಮ್ಮ ಸಂಬಳದಲ್ಲಿ ಕೊಂಡು ದಾನ ಕೊಟ್ಟ, ಒಳಪುಟದಲ್ಲಿ ಹೋಟೆಲಿನ ಹೆಸರು ಬರೆದಿದ್ದ ಪುಸ್ತಕಗಳು. ಅದರ ನಂತರ ಒಂದರ ಹಿಂದೆ ಒಂದು ಮಕ್ಕಳ ಪುಸ್ತಕಗಳು. ಇವಂತೂ ಪ್ರತಿ ಶನಿವಾರ ಕನ್ನಡ ಕಲಿಯಲು ಬರುವ ಮಕ್ಕಳ ಕೈಯಲ್ಲಿ ಓಡಾಡುವವು, ಇಡೀ ಗ್ರಂಥಾಲಯದಲ್ಲೇ ಹೆಚ್ಚು ಸವೆದವು. ಇವುಗಳಿಗೇಕೆ ದಿನಾಂಕವಿಲ್ಲ?

ಮಾಸ್ತರರು ಮೇಜಿನ ಖಾನೆಯಿಂದ ಚಿತ್ರದ ರಟ್ಟಿನ ನೋಟ್‌ಬುಕ್ ತೆಗೆದರು. “ಮಕ್ಕಳದ್ದು ಇದರಲ್ಲಿ ಬರೆಯುವುದು. ದೊಡ್ಡ ರಿಜಿಸ್ಟರಿನಲ್ಲಿ ಸಹಿ ಹಾಕು ಅಂದರೆ ಹೆದರುತ್ತವೆ.”

ಆ ನೋಟ್‌ಬುಕ್ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಕೇಳಿರಲೂ ಇಲ್ಲ. ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಾದರೂ ‘ಅಜ್ಜಿ’ ಎಂದು ಕೂಡಿಸಿ ಓದಲು ಕಲಿತ ಮಕ್ಕಳ ಪುಸ್ತಕಗಳನ್ನು ನಾವು ರದ್ದಿಗೆ ತೂಗಲು ಹೊರಟಿದ್ದೆವು.

ಇನ್ನೊಮ್ಮೆ ಎಣಿಕೆ

ಅಂದು ಸಂಜೆಯೇ ಅಧ್ಯಕ್ಷರಿಗೆ ಫೋನ್ ಮಾಡಿ ಪಟ್ಟಿ ತಪ್ಪಾಗಿದೆ ಎಂದೆ. ಅವರಿಗೆ ಸಿಟ್ಟು ಬಂದದ್ದು ಸಹಜ. ಬಿಲ್ಡರನಿಗೆ ಕೋಣೆ ಖಾಲಿ ಮಾಡಿಕೊಡುವ ತಾರೀಕು ಹತ್ತಿರ ಬಂದಿತ್ತು. “ಪಟ್ಟಿ ಕಂಪ್ಯೂಟರ್ ಕೊಟ್ಟದ್ದಲ್ಲವೇ? ಅದು ಹೇಗೆ ತಪ್ಪಾಗುತ್ತದೆ?” ಎಂದರು.

“ಕಂಪ್ಯೂಟರ್ ಸರಿಯಾಗಿಯೇ ಉತ್ತರ ಕೊಟ್ಟಿದೆ ಸಾರ್. ನಾನು ಪ್ರಶ್ನೆ ಸರಿಯಾಗಿ ಕೇಳಿರಲಿಲ್ಲ,” ಎಂದೆ. ಎರಡು ವಾರ ಸಮಯ ಸಿಕ್ಕಿತು.

ಮೊದಲು ಖಾಲಿ ಜಾಗಗಳನ್ನು ತುಂಬಿದೆವು. ಪ್ರತಿ ಪುಸ್ತಕಕ್ಕೂ ‘ಬಗೆ’ ಎಂಬ ಹೊಸ ಜಾಗ ಮಾಡಿ ಸಂಖ್ಯೆ ಕೊಟ್ಟೆ. ಮನೆಗೆ ಕೊಡುವುದು 1, ಇಲ್ಲೇ ಓದುವುದು 2, ಮಕ್ಕಳದು 3, ಗೊತ್ತಿಲ್ಲದ್ದು 0. ‘ಹೌದು’, ‘ಅಲ್ಲ’ ಎಂದು ಇಡೋಣವೆಂದರೆ, ಈ ಡೇಟಾಬೇಸಿನಲ್ಲಿ ಸತ್ಯ-ಅಸತ್ಯದ ಮೌಲ್ಯಗಳನ್ನು ಕೀಯಾಗಿ ಒಪ್ಪುವುದಿಲ್ಲ. ಸಂಖ್ಯೆ, ದಿನಾಂಕ, ಅಕ್ಷರಗಳ ಸಾಲು, ಬೈನರಿ, ಇವುಗಳ ಪಟ್ಟಿ, ಇಷ್ಟೇ ಸಲ್ಲುತ್ತವೆ. ‘ಗೊತ್ತಿಲ್ಲ’ ಎಂಬುದಕ್ಕೂ ಒಂದು ಸಂಖ್ಯೆ ಕೊಟ್ಟದ್ದರಿಂದ ಯಾವ ಪುಸ್ತಕವೂ ಇಂಡೆಕ್ಸ್‌ನಿಂದ ಹೊರಗೆ ಉಳಿಯಲಿಲ್ಲ. ನಾಲ್ಕು ಗುಂಪುಗಳನ್ನು ಕೂಡಿದರೆ 3,912 ಬರಲೇಬೇಕು, ಬಂತು.

ಇನ್ನೊಂದು ಹುಳುಕೂ ಕಂಡಿತು. ಕೆಲವು ದಾಖಲೆಗಳಲ್ಲಿ ದಿನಾಂಕವನ್ನು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಅಕ್ಷರಗಳಾಗಿ ಬರೆದಿತ್ತು. ಅಕ್ಷರಗಳನ್ನು ಎಡದಿಂದ ಹೋಲಿಸುವುದರಿಂದ 01-12-2019 ಎಂಬುದು 31-01-2009ಕ್ಕಿಂತ ಹಿಂದೆ ಹೋಗಿ ಕೂರುತ್ತದೆ. ವರ್ಷ ಮೊದಲು ಬರುವಂತೆ ತಿರುಗಿಸಿ, ನಿಜವಾದ ದಿನಾಂಕಗಳಾಗಿ ಬದಲಿಸಿದೆ.

ಆಮೇಲೆ ಎರಡು ಭಾನುವಾರ ಕೈಯಿಂದಲೇ ಎಣಿಕೆ. ಮಹಿಳಾ ವಿಭಾಗದವರು, ಶನಿವಾರದ ಮಕ್ಕಳ ತಂದೆತಾಯಿಗಳು ಬಂದರು. ಒಬ್ಬರು ಪರದೆಯಲ್ಲಿದ್ದ ಹೆಸರು ಓದುವುದು, ಇನ್ನೊಬ್ಬರು ಕಪಾಟಿನಲ್ಲಿ ಕೈಯಿಟ್ಟು ‘ಇದೆ’ ಎನ್ನುವುದು.

ಎಲ್ಲವನ್ನೂ ಉಳಿಸಿಕೊಂಡೆವು ಎಂದು ಹೇಳಿದರೆ ಸುಳ್ಳಾದೀತು. ಕೋಣೆ ದೊಡ್ಡದಾಗಲಿಲ್ಲ. ಹೊಸ ಕೋಣೆಗೆ ಮಾಡು ಮುಟ್ಟುವವರೆಗೆ ಕಪಾಟು ಮಾಡಿಸಲು ಸಮಿತಿ ಒಪ್ಪಿತು. ಎರಡು ಮೂರು ಪ್ರತಿ ಇದ್ದವುಗಳಲ್ಲಿ ಒಂದನ್ನಷ್ಟೇ ಇಟ್ಟುಕೊಂಡೆವು. ನಿಜವಾಗಿಯೂ ಹತ್ತು ವರ್ಷ ಯಾರೂ ಮುಟ್ಟದ 464ರಲ್ಲಿ ಹೆಚ್ಚಿನವನ್ನು ಸದಸ್ಯರೇ ಮನೆಗೆ ಒಯ್ದರು, ಊರಿನ ಕಡೆಯ ಶಾಲೆಯೊಂದಕ್ಕೆ ನಾಲ್ಕು ಪೆಟ್ಟಿಗೆ ಹೋಯಿತು. ಗೆದ್ದಲು ಹಿಡಿದ ಕೆಲವು ರದ್ದಿಗೂ ಹೋದವು. ಆದರೆ ಪ್ರತಿಯೊಂದನ್ನೂ ಯಾರಾದರೊಬ್ಬರು ಕೈಯಲ್ಲಿ ಹಿಡಿದು ನೋಡಿ ಕಳಿಸಿದ್ದರು.

ಆ ದಿನಗಳಲ್ಲಿ ಮಾಸ್ತರರು ಎಸ್.ಆರ್. ರಂಗನಾಥನ್ ಅವರ ಹೆಸರು ತೆಗೆದರು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರು, 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದವರು, 1972ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಓದುಗನ ಸಮಯ ಉಳಿಸಬೇಕೆಂಬುದು ಅದರಲ್ಲಿ ನಾಲ್ಕನೆಯದು. “ನೀನು ನಾಲ್ಕನೆಯದನ್ನು ಚೆನ್ನಾಗಿ ಮಾಡಿದೆ,” ಎಂದರು ಮಾಸ್ತರರು. “ಆದರೆ ಅದರ ಮೊದಲು ಮೂರನೆಯದೊಂದು ಉಂಟು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅಂತ.”

ನೀವೂ ಮಾಡುವುದಿದ್ದರೆ

ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲಿಯೇ ಇರಲಿ, ನಮ್ಮ ಸಂಘಗಳಲ್ಲಿ ಪುಸ್ತಕಗಳ ಪಟ್ಟಿ ಇದೆ, ಸದಸ್ಯರ ಪಟ್ಟಿ ಇದೆ, ದಾನಿಗಳ ಪಟ್ಟಿ ಇದೆ. ಅವು ಹತ್ತು ಕೈಗಳಲ್ಲಿ ಹತ್ತು ರೀತಿ ಟೈಪ್ ಆಗಿವೆ. ಅವನ್ನು ಕಂಪ್ಯೂಟರಿಗೆ ಹಾಕುವ ಉತ್ಸಾಹಿಗಳಿಗೆ ನನ್ನ ಅನುಭವದಿಂದ ನಾಲ್ಕು ಮಾತು.

ಇಂಡೆಕ್ಸ್ ಮಾಡುವ ಮೊದಲು ಜನ ಏನೆಂದು ಕೇಳುತ್ತಾರೆ ಎಂದು ಒಂದು ದಿನ ಕೂತು ಕೇಳಿಸಿಕೊಳ್ಳಿ. ನಮ್ಮಲ್ಲಿ ಯಾರೂ ‘ಶಿವರಾಮ’ ಎಂದು ಕೇಳುವುದಿಲ್ಲ, ‘ಕಾರಂತರದ್ದು’ ಎನ್ನುತ್ತಾರೆ. ಹುಡುಕುವ ಹೆಸರು ಅದೇ ಆಗಿರಲಿ.

ಹಳೆಯ ಪಟ್ಟಿಯಲ್ಲಿ ಅಕ್ಷರದ ಬೆನ್ನಿಗಿರುವ ಸೊನ್ನೆಯನ್ನು ಮೊದಲು ಹುಡುಕಿ. ಒಂದು ಸಿಕ್ಕಿದರೆ ಸಾವಿರ ಇರುತ್ತವೆ.

ಒಟ್ಟು ದಾಖಲೆಗಳನ್ನು ಎಣಿಸಿ, ಇಂಡೆಕ್ಸ್‌ನಲ್ಲಿರುವುದನ್ನೂ ಎಣಿಸಿ. ಎರಡೂ ಒಂದೇ ಆಗದಿದ್ದರೆ ಏಕೆಂದು ತಿಳಿಯುವವರೆಗೆ ಆ ಇಂಡೆಕ್ಸ್ ನಂಬಿ ಏನನ್ನೂ ನಿರ್ಧರಿಸಬೇಡಿ. ಮಲ್ಟಿಎಂಟ್ರಿ ಇಂಡೆಕ್ಸ್‌ಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ, ಅಲ್ಲಿ ಒಂದು ಪುಸ್ತಕಕ್ಕೆ ಹಲವು ಕಾರ್ಡುಗಳಿರುತ್ತವೆ.

ಬ್ರೌಸರಿನೊಳಗಿನ ಡೇಟಾಬೇಸ್ ಆ ಕಂಪ್ಯೂಟರಿನ ಆ ಬ್ರೌಸರಿನಲ್ಲಿ ಮಾತ್ರ ಇರುತ್ತದೆ. ಸದಸ್ಯರ ವಿವರ ಹೊರಗೆ ಹೋಗುವುದಿಲ್ಲ ಎಂಬುದು ಅದರ ಒಳ್ಳೆಯ ಗುಣ. ಆದರೆ ಯಾರಾದರೂ ಬ್ರೌಸರಿನ ಡೇಟಾ ಅಳಿಸಿದರೆ ಎಲ್ಲವೂ ಹೋಗುತ್ತದೆ, ಡಿಸ್ಕ್ ತುಂಬಿದಾಗ ಬ್ರೌಸರೇ ಅಳಿಸುವುದೂ ಉಂಟು. ಅಳಿಸದೆ ಇಟ್ಟುಕೋ ಎಂದು ಬ್ರೌಸರನ್ನು ಕೇಳಿಕೊಳ್ಳುವ ಆಜ್ಞೆಯಿದೆ, ಅದನ್ನು ಬಳಸಿ. ಅಷ್ಟಕ್ಕೇ ನಂಬದೆ ಪ್ರತಿ ವಾರ ಎಲ್ಲವನ್ನೂ ಒಂದು ಕಡತವಾಗಿ ತೆಗೆದು ಪೆನ್‌ಡ್ರೈವಿಗೆ ಹಾಕಿ. ನಮ್ಮ ಪೆನ್‌ಡ್ರೈವ್ ಮಾಸ್ತರರ ಮನೆಯ ದೇವರ ಗೂಡಿನಲ್ಲಿದೆ.

ಈಗ ನಾವು ಹೊಸ ಕೋಣೆಗೆ ಬಂದಿದ್ದೇವೆ. ಮರದ ಡ್ರಾಯರುಗಳ ಪೆಟ್ಟಿಗೆಗೆ ಇಲ್ಲಿ ಜಾಗವಿಲ್ಲ ಎಂದು ಸಮಿತಿ ಹೇಳಿತ್ತು. ಮಾಸ್ತರರು ವಾದ ಮಾಡಲಿಲ್ಲ. ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಇದೇ ಅದರ ಮೇಜು ಎಂದುಬಿಟ್ಟರು.

ಕಾರ್ಯಕ್ರಮದಲ್ಲಿ ನಾನು ಕೊನೆಗೆ ಮಾಡಿದ ಬದಲಾವಣೆ ಒಂದು ಸಾಲಿನದು. ಹುಡುಕಿದ್ದು ಸಿಗದಿದ್ದಾಗ ಮೊದಲು ‘ಪುಸ್ತಕ ಇಲ್ಲ’ ಎಂದು ಬರುತ್ತಿತ್ತು. ಈಗ ‘ಈ ಹೆಸರಿನಲ್ಲಿ ಸಿಗಲಿಲ್ಲ. ಮಾಸ್ತರರನ್ನು ಕೇಳಿ’ ಎಂದು ಬರುತ್ತದೆ.